ಡಿಸ್ಚಾರ್ಜ್ ಆದ ಮೇಲೆ ಏನು ಬದಲಾಗುತ್ತದೆ?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯ ಓಪಿಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದೆಯಲ್ಲಿ ಚಿಕ್ಕದಾಗಿ ಚುಳುಕ್ ಎಂದರೂ ಇಸಿಜಿ ಮಾಡಿಸಲು ಓಡಿ ಬಂದವರಲ್ಲಿ ಮೂವತ್ತರ ಆಸುಪಾಸಿನ ಹುಡುಗರೂ ಬಹಳ ಮಂದಿ ಇದ್ದರು. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನಾ ಬೆಳಗಾದರೆ ಸುದ್ದಿಯಾದಾಗ ಮೈಸೂರಿನ ಜಯದೇವದ ಮುಂದೆಯೂ ಅದೇ ಸಾಲು. ಸರ್ಕಾರ ಸಮಿತಿ ನೇಮಿಸಿತು. ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಸಮಿತಿ ಹೇಳುವ ಹೊತ್ತಿಗೆ ಜನ ಬೇರೆ ಸುದ್ದಿಗೆ ಹೊರಳಿದ್ದರು.

ಇದು ಬೇರೆಯವರ ಸಾವು ಕಂಡು ಹೆದರಿದವರ ಮಾತು. ತಮ್ಮ ಎದೆಗೇ ಕಾಯಿಲೆ ಬಂದು ಹೋದವರ ಮಾತು ಬೇರೆಯಿರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಐಸಿಯುನಲ್ಲಿ ಮಲಗಿ ಎದ್ದವನು ಸಿಗರೇಟು ಮುಟ್ಟುವುದುಂಟೇ? ಕೀಮೋ ಮುಗಿಸಿ ಬಂದವಳು ಮತ್ತೆ ಆಫೀಸಿನ ಕಿರಿಕಿರಿಗೆಲ್ಲ ತಲೆ ಕೆಡಿಸಿಕೊಳ್ಳುವುದುಂಟೇ? ‘ಸತ್ತು ಬದುಕಿದ, ಈಗ ಬೇರೆ ಮನುಷ್ಯನೇ ಆಗಿದ್ದಾನೆ’ ಎಂಬ ಕಥೆ ನಮಗೆ ಬಹಳ ಇಷ್ಟ. ಅದರಲ್ಲಿ ಸತ್ಯವಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಈ ಪ್ರಶ್ನೆಯ ಸುತ್ತ ನಡೆದ ಕೆಲಸವನ್ನು ಒಂದೆಡೆ ಇಟ್ಟು ನೋಡಿದರೆ, ಬದಲಾವಣೆ ಕಾಯಿಲೆಯಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಕಾಯಿಲೆಯಿಂದ ಎದ್ದವರು ವಾಪಸಾಗುವ ಮನೆ, ಸಂಬಳ ಮತ್ತು ನೆರೆಹೊರೆಯಿಂದ ಹುಟ್ಟುತ್ತದೆ ಎಂದು ಕಾಣುತ್ತದೆ.

ಮೊದಲು ಅಂಕಿಗಳು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ವೈದ್ಯಕೀಯ ಓದಿ ಕೆನಡಾದಲ್ಲಿ ನೆಲೆ ನಿಂತ ಡಾ. ಸಲೀಂ ಯೂಸುಫ್ ಮುನ್ನಡೆಸಿದ ‘ಪ್ಯೂರ್’ ಎಂಬ ದೊಡ್ಡ ಅಧ್ಯಯನವಿದೆ. ಭಾರತವೂ ಸೇರಿ 17 ದೇಶಗಳಲ್ಲಿ ಜನರನ್ನು ಮನೆಮನೆಗೆ ಹೋಗಿ ಕಂಡು ಮಾಡಿದ್ದು. ಅದರಲ್ಲಿ ಹೃದ್ರೋಗ ಅಥವಾ ಪಾರ್ಶ್ವವಾಯು ಬಂದು ನಾಲ್ಕೈದು ವರ್ಷ ಕಳೆದ ಏಳೂವರೆ ಸಾವಿರ ಜನರ ದಿನಚರಿಯನ್ನು 2013ರಲ್ಲಿ ಪ್ರಕಟಿಸಿದರು. ಧೂಮಪಾನ ಬಿಡುವುದು, ಆರೋಗ್ಯಕರ ಊಟ, ಸಾಕಷ್ಟು ದೈಹಿಕ ಚಟುವಟಿಕೆ ಈ ಮೂರನ್ನೂ ಪಾಲಿಸುತ್ತಿದ್ದವರು ಶೇ 4.3 ಮಾತ್ರ. ಒಂದನ್ನೂ ಪಾಲಿಸದವರು ಶೇ 14.3. ಹಿಂದೆ ಸೇದುತ್ತಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಬಿಟ್ಟಿದ್ದರು. ಉಳಿದರ್ಧ ಎದೆಗೋ ಮಿದುಳಿಗೋ ಏಟು ತಿಂದ ಮೇಲೂ ಸೇದುತ್ತಲೇ ಇದ್ದರು. ಹೃದ್ರೋಗಿ ಸಿಗರೇಟು ಬಿಟ್ಟರೆ ಸಾವಿನ ಅಪಾಯ ಸುಮಾರು ಮೂರನೇ ಒಂದು ಭಾಗ ತಗ್ಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ 2003ರಲ್ಲೇ ಲೆಕ್ಕ ಹಾಕಿದ್ದರು. ಇಷ್ಟು ಲಾಭ ಕೊಡುವ ಮಾತ್ರೆ ಇದ್ದಿದ್ದರೆ ಸಾಲ ಮಾಡಿಯಾದರೂ ಕೊಳ್ಳುತ್ತಿದ್ದೆವು.

ಇದನ್ನು ಮನೋಬಲದ ಕೊರತೆ ಎಂದು ಬೈಯುವುದು ಸುಲಭ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಪಥ್ಯದ ಬಗ್ಗೆ ನಮ್ಮಲ್ಲಿರುವ ರೂಢಿ. ಪಥ್ಯ ಕಟ್ಟುನಿಟ್ಟಾಗಿ ಮಾಡುವುದರಲ್ಲಿ ನಮ್ಮ ಜನ ಹಿಂದೆ ಬಿದ್ದವರಲ್ಲ. ಬಾಣಂತಿಗೆ ಇಷ್ಟು ದಿನ ತಣ್ಣೀರಿಲ್ಲ, ಕಾಮಾಲೆಯಾದವನಿಗೆ ಎಣ್ಣೆ-ಒಗ್ಗರಣೆಯಿಲ್ಲ, ನಾಟಿ ಔಷಧಿ ಕೊಟ್ಟವರು ಹೇಳಿದಷ್ಟು ದಿನ ಉಪ್ಪು-ಹುಳಿ ಇಲ್ಲ. ಮನೆಮಂದಿಯೆಲ್ಲ ಕಾವಲು ನಿಂತು ಪಾಲಿಸುತ್ತಾರೆ. ಆದರೆ ಆ ಪಥ್ಯಗಳಿಗೆಲ್ಲ ಮುಗಿಯುವ ದಿನವೊಂದಿದೆ. ಆ ದಿನ ತಲೆಗೆ ಎಣ್ಣೆ ಹಚ್ಚಿ ಸ್ನಾನ, ಬಾಯಿಗೆ ರುಚಿ. ಹೃದ್ರೋಗ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಗಳಿಗೆ ಆ ದಿನವೇ ಇಲ್ಲ. ಕೊನೆಯಿಲ್ಲದ ಪಥ್ಯವನ್ನು ನಡೆಸಿದ ಅನುಭವ ನಮ್ಮ ಅಡುಗೆಮನೆಗಳಿಗೆ ಕಡಿಮೆ. ಹರಕೆಯೂ ಹಾಗೆಯೇ. ಗಂಡಾಂತರ ಕಳೆದ ಕೂಡಲೇ ಧರ್ಮಸ್ಥಳಕ್ಕೋ ತಿರುಪತಿಗೋ ಹೋಗಿ ಮುಡಿ ಕೊಟ್ಟು ಬಂದರೆ ಲೆಕ್ಕ ಚುಕ್ತಾ ಆದ ನೆಮ್ಮದಿ. ಆಮೇಲೂ ದಿನಾ ರಾತ್ರಿ ಒಂದು ಮಾತ್ರೆ ನುಂಗಬೇಕೆಂದರೆ, ಸಾಲ ತೀರಿದ ಮೇಲೂ ಕಂತು ಕಟ್ಟುತ್ತಿರುವಂತೆ ಅನಿಸುತ್ತದೆ.

ಆಸ್ಪತ್ರೆಯ ಭಾಷೆಯೂ ಇದಕ್ಕೆ ಇಂಬು ಕೊಡುತ್ತದೆ. ‘ಬ್ಲಾಕ್ ಇತ್ತು, ಸ್ಟೆಂಟ್ ಹಾಕಿದೀವಿ, ಈಗ ಫುಲ್ ಓಪನ್ ಆಗಿದೆ’ ಎಂದು ಡಾಕ್ಟರು ಸ್ಕ್ರೀನಿನಲ್ಲಿ ತೋರಿಸಿದ ಮೇಲೆ ರೋಗಿಗೆ ಅರ್ಥವಾಗುವುದು ಕೆಟ್ಟಿದ್ದು ರಿಪೇರಿಯಾಯಿತು ಎಂದೇ. ರಕ್ತನಾಳದ ಆ ಒಂದು ಜಾಗ ತೆರೆದಿದೆಯೇ ಹೊರತು ಬ್ಲಾಕ್ ಮಾಡಿದ ಕಾಯಿಲೆ ಉಳಿದ ನಾಳಗಳಲ್ಲಿ ಹಾಗೇ ಇದೆ ಎಂಬುದನ್ನು ಬಿಡಿಸಿ ಹೇಳುವ ಪುರುಸೊತ್ತು ಓಪಿಡಿಯಲ್ಲಿ ಯಾರಿಗಿದೆ? ಹೃದಯಾಘಾತದ ನಂತರ ಸ್ಟೆಂಟ್ ಹಾಕಿದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಒಟ್ಟಿಗೆ ನುಂಗಬೇಕು. ನಡುವೆ ತಾನಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಗಡ್ಡೆ ಕಟ್ಟುವ ಅಪಾಯವಿದೆ. ಕೊಲೆಸ್ಟ್ರಾಲಿನ ಮಾತ್ರೆಯದು ಇನ್ನೊಂದು ಕಥೆ. ರಿಪೋರ್ಟ್ ನಾರ್ಮಲ್ ಬಂತು ಎಂದು ಅದನ್ನು ನಿಲ್ಲಿಸಿದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಮಾತ್ರೆ ನುಂಗಿದ್ದರಿಂದಲೇ ನಾರ್ಮಲ್ ಬಂದಿದ್ದು ಎಂಬ ಮಾತು ಅವರ ಕಿವಿಗೆ ಹೊಕ್ಕಿರುವುದಿಲ್ಲ.

ಅದೇ ಪ್ಯೂರ್ ಅಧ್ಯಯನ 2011ರಲ್ಲಿ ಔಷಧಿಯ ಲೆಕ್ಕವನ್ನೂ ಕೊಟ್ಟಿತ್ತು. ಹೃದ್ರೋಗ, ಪಾರ್ಶ್ವವಾಯು ಬಂದವರಲ್ಲಿ ಆಸ್ಪಿರಿನ್ ತರಹದ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಶೇ 25, ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಶೇ 15ರ ಒಳಗೆ. ಬಡ ದೇಶಗಳಲ್ಲಿ ಸ್ಟ್ಯಾಟಿನ್ ನುಂಗುತ್ತಿದ್ದವರು ಶೇ 3.3 ಮಾತ್ರ. ಇಲ್ಲಿ ಹಣದ ಮಾತು ಬರದೆ ಇರುವುದಿಲ್ಲ. ಕಳೆದ ಹತ್ತು ವರ್ಷದಲ್ಲಿ ತುರ್ತಿನ ಚಿಕಿತ್ಸೆ ಬಡವರಿಗೂ ಎಟುಕುವಂತಾಗಿದೆ, ಅದನ್ನು ಒಪ್ಪಲೇಬೇಕು. ಲಕ್ಷ ದಾಟುತ್ತಿದ್ದ ಔಷಧಿಲೇಪಿತ ಸ್ಟೆಂಟಿನ ಬೆಲೆಯನ್ನು 2017ರ ಫೆಬ್ರುವರಿಯಲ್ಲಿ ಕೇಂದ್ರ ₹30,000ದ ಆಸುಪಾಸಿಗೆ ಇಳಿಸಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಉಂಟು. ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಇಷ್ಟೆಲ್ಲ ಆಸ್ಪತ್ರೆಯ ಹಾಸಿಗೆಯ ಮೇಲಿರುವ ತನಕ. ಮನೆಗೆ ಬಂದ ಮೇಲೆ ಜೀವಮಾನವಿಡೀ ನುಂಗುವ ಮಾತ್ರೆ, ಮೂರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಫಾಲೋಅಪ್, ಅಂದಿನ ಕೂಲಿಗೆ ಬೀಳುವ ಕತ್ತರಿ ಎಲ್ಲ ರೋಗಿಯದೇ ತಲೆನೋವು. ಜೀವ ಉಳಿಸುವುದಕ್ಕೆ ಕೊಟ್ಟ ಗಮನ ಉಳಿದ ಜೀವವನ್ನು ನಡೆಸುವುದಕ್ಕೆ ಬಂದಿಲ್ಲ.

ಇನ್ನು ಒಳಗಿನ ಬದಲಾವಣೆ. ಆದ್ಯತೆಗಳು ಅಡಿಮೇಲಾಗುವುದು ನಿಜವೇ?

ಈ ಬಗ್ಗೆ ಬರೆದವರಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಕೆನಡಾದ ಸಮಾಜಶಾಸ್ತ್ರಜ್ಞ ಆರ್ಥರ್ ಫ್ರಾಂಕ್ ಮೇಲೆ. 39ಕ್ಕೆ ಹೃದಯಾಘಾತ, 40ಕ್ಕೆ ಕ್ಯಾನ್ಸರ್. ಎರಡನ್ನೂ ದಾಟಿ ಬಂದು 1995ರಲ್ಲಿ ‘ದ ವೂಂಡೆಡ್ ಸ್ಟೋರಿಟೆಲ್ಲರ್’ ಬರೆದರು. ಕಾಯಿಲೆ ಬಿದ್ದವರು ಮೂರು ಬಗೆಯಲ್ಲಿ ಕಥೆ ಹೇಳುತ್ತಾರೆ ಎನ್ನುವುದು ಅವರ ವಾದ. ಆರಾಮಾಗಿದ್ದೆ, ಕಾಯಿಲೆ ಬಿತ್ತು, ಮತ್ತೆ ಮೊದಲಿನಂತಾಗುತ್ತೇನೆ ಎನ್ನುವುದು ಒಂದು. ಇದರಿಂದ ನಾನೇನೋ ಕಂಡುಕೊಂಡೆ ಎನ್ನುವುದು ಇನ್ನೊಂದು. ಮೂರನೆಯದಕ್ಕೆ ತಲೆಬುಡವಿಲ್ಲ: ಕಾಯಿಲೆ, ಸಾಲ, ಮನೆಯ ಜಗಳ, ಕೆಲಸ ಹೋಗಿದ್ದು ಎಲ್ಲ ಒಂದರ ಮೇಲೊಂದು ಬಿದ್ದು ಹೇಳುವವರಿಗೇ ಮಾತು ತಪ್ಪುತ್ತದೆ. ಕೇಳುವವರಿಗೆ ಈ ಮೂರನೆಯದು ಬೇಡ. ನೆಂಟರು ಮಾತು ತಿರುಗಿಸುತ್ತಾರೆ, ಡಾಕ್ಟರು ಗಡಿಯಾರ ನೋಡುತ್ತಾರೆ, ಪತ್ರಿಕೆಗಳು ಅದನ್ನು ಅಚ್ಚು ಹಾಕುವುದಿಲ್ಲ. ನಾವು ಓದುವ ‘ಕ್ಯಾನ್ಸರ್ ಗೆದ್ದ’ ಬರಹಗಳೆಲ್ಲ ಎರಡನೆಯ ಬಗೆಯವೇ ಆಗಿರುವುದಕ್ಕೆ ಇದೇ ಕಾರಣ.

ಆ ಎರಡನೆಯ ಕಥೆಗೆ ಮನೋವಿಜ್ಞಾನದ ಬೆಂಬಲವೂ ಸಿಕ್ಕಿತು. ಅಮೆರಿಕದ ಟೆಡೆಸ್ಕಿ ಮತ್ತು ಕ್ಯಾಲ್‌ಹೌನ್ 1996ರಲ್ಲಿ 21 ಪ್ರಶ್ನೆಗಳ ಒಂದು ಪಟ್ಟಿ ಮಾಡಿ, ಆಘಾತದ ನಂತರ ಜನರಲ್ಲಿ ಸಂಬಂಧಗಳ ಬೆಲೆ, ಬದುಕಿನ ಮೇಲಿನ ಪ್ರೀತಿ, ಆತ್ಮಬಲ ಎಷ್ಟು ಹೆಚ್ಚುತ್ತದೆ ಎಂದು ಅಳೆಯಲು ಹೊರಟರು. ಕೇಳಿದರೆ ಬಹಳ ಜನ ಹೌದು ಎನ್ನುತ್ತಾರೆ. ತೊಡಕಿರುವುದು ಅಲ್ಲೇ. ಪೆಟ್ರೀಷಿಯಾ ಫ್ರೇಜಿಯರ್ ತಂಡ 2009ರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಆಘಾತಕ್ಕೆ ಮುಂಚೆಯೂ ನಂತರವೂ ಅಳೆದು ನೋಡಿತು. ‘ನಾನು ಬೆಳೆದೆ’ ಎಂದು ಹೇಳಿಕೊಂಡಿದ್ದಕ್ಕೂ ಎರಡು ಅಳತೆಗಳ ನಡುವೆ ಆದ ನಿಜವಾದ ಬದಲಾವಣೆಗೂ ಹೆಚ್ಚು ಸಂಬಂಧ ಕಾಣಲಿಲ್ಲ. ಅದು ಗಂಭೀರ ಕಾಯಿಲೆಯವರ ಅಧ್ಯಯನವಲ್ಲ, ಹಾಗಾಗಿ ನೇರವಾಗಿ ಹೊಂದಿಸಬಾರದು. ಆದರೂ ಎಚ್ಚರಿಕೆಗೆ ಸಾಕು. ಸ್ತನ ಕ್ಯಾನ್ಸರಿಗೆ ಒಳಗಾದ ಲೇಖಕಿ ಬಾರ್ಬರಾ ಎಹ್ರೆನ್‌ರೈಕ್ 2001ರ ಪ್ರಬಂಧವೊಂದರಲ್ಲಿ, ಕಾಯಿಲೆಯನ್ನೇ ವರವೆಂದು ಹಾಡುವ ಗುಲಾಬಿ ರಿಬ್ಬನ್ನಿನ ಉತ್ಸಾಹದ ಮೇಲೆ ಹರಿಹಾಯ್ದರು. ನಗುನಗುತ್ತಾ ಇರಬೇಕೆಂಬ ಒತ್ತಾಯ ರೋಗಿಯ ಹೆಗಲಿಗೆ ಇನ್ನೊಂದು ಹೊರೆ ಎನ್ನುವುದು ಅವರ ಸಿಟ್ಟು. ‘ಪಾಸಿಟಿವ್ ಆಗಿರಿ’ ಎಂಬ ವಾಟ್ಸಾಪ್ ಸಂದೇಶಗಳನ್ನು ಕೀಮೋ ವಾರ್ಡಿಗೆ ಕಳಿಸುವ ನೆಂಟರು ಆ ಪ್ರಬಂಧ ಓದಬೇಕು.

ಆದ್ಯತೆ ಬದಲಾಗುವುದಕ್ಕೆ ಗಟ್ಟಿ ಸಾಕ್ಷಿ ಸಿಗುವುದು ಬೇರೊಂದು ಕಡೆ. 1990ರ ದಶಕದಲ್ಲಿ ಲಾರಾ ಕಾರ್ಸ್ಟೆನ್‌ಸನ್ ಮತ್ತು ಬಾರ್ಬರಾ ಫ್ರೆಡ್ರಿಕ್‌ಸನ್ ಎಚ್‌ಐವಿ ಸೋಂಕಿದ್ದ ಪುರುಷರನ್ನು ಅಧ್ಯಯನ ಮಾಡಿದರು. ರೋಗಲಕ್ಷಣ ಕಾಣಿಸಿಕೊಂಡ ಯುವಕರು ಯಾರ ಜೊತೆ ಹೊತ್ತು ಕಳೆಯಬೇಕು ಎಂದು ಯೋಚಿಸುವ ರೀತಿ ಮುದುಕರ ಹಾಗೇ ಇತ್ತು: ಹೊಸ ಪರಿಚಯ ಬೇಡ, ಹತ್ತಿರದವರು ನಾಲ್ಕು ಜನ ಸಾಕು. ಹಾಗಾದರೆ ಇದನ್ನು ತರುವುದು ವಯಸ್ಸಲ್ಲ, ಮುಂದೆ ಎಷ್ಟು ಕಾಲ ಉಳಿದಿದೆ ಎಂಬ ಅಂದಾಜು. ಈ ಕಥೆಗೆ ವಿಚಿತ್ರವಾದ ಉತ್ತರಾರ್ಧವೂ ಇದೆ. ಇನ್ನು ಹೆಚ್ಚು ದಿನವಿಲ್ಲ ಎಂದು ಅಮೆರಿಕದ ಅನೇಕ ಏಡ್ಸ್ ರೋಗಿಗಳು ತಮ್ಮ ಜೀವ ವಿಮೆಯ ಪಾಲಿಸಿಯನ್ನೇ ಹೂಡಿಕೆದಾರರಿಗೆ ಮಾರಿ ಬಂದ ದುಡ್ಡನ್ನು ಖರ್ಚು ಮಾಡಿದ್ದರು. ಕೆಲಸ ಬಿಟ್ಟಿದ್ದರು, ಉಳಿತಾಯ ಕರಗಿಸಿದ್ದರು. 1996ರ ಹೊತ್ತಿಗೆ ಹೊಸ ಔಷಧಿಗಳ ಕೂಟ ಬಂದು ಅವರಲ್ಲಿ ಬಹಳ ಜನ ಬದುಕಿಬಿಟ್ಟರು. ಪಾಲಿಸಿ ಕೊಂಡವರು ಕೈ ಸುಟ್ಟುಕೊಂಡರು, ಬದುಕಿದವರು ಮತ್ತೆ ಕೆಲಸ, ಬಾಡಿಗೆ, ನಿವೃತ್ತಿಯ ಚಿಂತೆಗೆ ಮರಳಬೇಕಾಯಿತು. ಸಾವಿನ ನೆರಳಿನಲ್ಲಿ ಮಾಡಿದ ಆದ್ಯತೆಗಳ ಪಟ್ಟಿ ಬದುಕಿಗೆ ಹೊಂದುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಇವತ್ತು ಹೃದಯಾಘಾತವಾದ ನಲವತ್ತೈದರ ಮನುಷ್ಯನಿಗೆ ಸರಿಯಾದ ಚಿಕಿತ್ಸೆ ಸಿಕ್ಕಿದರೆ ಎದುರಿಗಿರುವುದು ಇನ್ನೂ ಹಲವು ವರ್ಷಗಳ ಸಂಸಾರ. ‘ಇರುವಷ್ಟು ದಿನ ಖುಷಿಯಾಗಿರೋಣ’ ಎಂಬ ಮಾತಿನಿಂದ ಅಷ್ಟು ವರ್ಷ ತಳ್ಳಲಾಗುವುದಿಲ್ಲ.

ಕನ್ನಡದಲ್ಲಿ ಕಾಯಿಲೆಯನ್ನು ನೇರವಾಗಿ ಬರೆದುಕೊಂಡವರು ಕಡಿಮೆ. ಬಿ.ವಿ. ಭಾರತಿಯವರ ‘ಸಾಸಿವೆ ತಂದವಳು’ ಅಂಥ ವಿರಳ ಪುಸ್ತಕ. ಅದಕ್ಕಿಂತ ಹೆಚ್ಚಾಗಿ ನಮ್ಮ ಲೇಖಕರು ಕಾಯಿಲೆಯಲ್ಲಿ ಏನು ಮಾಡಿದರು ಎಂಬುದೇ ಗಮನಿಸತಕ್ಕದ್ದು. ನಿರಂಜನರಿಗೆ 1970ರ ದಶಕದಲ್ಲಿ ಪಾರ್ಶ್ವವಾಯು ಬಡಿಯಿತು. ಅವರ ಸಂಪಾದಕತ್ವದ 25 ಸಂಪುಟಗಳ ‘ವಿಶ್ವಕಥಾಕೋಶ’ ಬಂದದ್ದು ಅದರ ನಂತರ. ಅನಂತಮೂರ್ತಿ ಡಯಾಲಿಸಿಸ್‌ನಲ್ಲಿದ್ದುಕೊಂಡೇ ‘ಹಿಂದುತ್ವ ಅಥವಾ ಹಿಂದ್ ಸ್ವರಾಜ್’ ಬರೆದರು. ಪುಸ್ತಕ ಹೊರಬಂದಿದ್ದು 2014ರಲ್ಲಿ ಅವರು ತೀರಿಕೊಂಡ ಮೇಲೆ. ನಟ ಶಿವರಾಜ್‌ಕುಮಾರ್ ಕೂಡ 2024ರ ಡಿಸೆಂಬರಿನಲ್ಲಿ ಮಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಜನವರಿ ಕೊನೆಗೆ ಊರಿಗೆ ಮರಳಿ, ಮತ್ತೆ ಬಣ್ಣ ಹಚ್ಚಿದರು. ಇವರಾರೂ ‘ಕೆಲಸ ಕಡಿಮೆ ಮಾಡಿ ಮನೆಯವರ ಜೊತೆ ಇರಿ’ ಎಂಬ ಮಾಮೂಲಿ ಬುದ್ಧಿವಾದಕ್ಕೆ ಸಿಕ್ಕುವವರಲ್ಲ. ಕಾಯಿಲೆ ಅವರ ಆದ್ಯತೆಯನ್ನು ಬದಲಿಸುವುದಕ್ಕಿಂತ ಇದ್ದುದನ್ನೇ ಬಿಗಿ ಮಾಡಿದಂತಿದೆ. ಯಾರಿಗೆ ತನ್ನ ಕೆಲಸವೇ ಉಸಿರೋ ಅವರಿಗೆ ರಜೆ ಔಷಧಿಯಾಗುವುದಿಲ್ಲ.

ನಿರಂಜನರ ಮನೆಯ ಇನ್ನೊಂದು ಬದಿಯನ್ನೂ ನೋಡಬೇಕು. ಅವರ ಹೆಂಡತಿ ಅನುಪಮಾ ನಿರಂಜನ ಸ್ವತಃ ಡಾಕ್ಟರು, ಕಾದಂಬರಿಕಾರ್ತಿ, ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಕನ್ನಡದಲ್ಲಿ ತುಂಬ ಬರೆದವರು. ಗಂಡನ ಕಾಯಿಲೆಯ ವರ್ಷಗಳೇ ಅವರ ದುಡಿಮೆ ಮತ್ತು ಬರವಣಿಗೆಯ ವರ್ಷಗಳೂ ಆಗಿದ್ದವು. 1991ರಲ್ಲಿ ಕ್ಯಾನ್ಸರಿನಿಂದ ಗಂಡನಿಗಿಂತ ಮೊದಲೇ ತೀರಿಕೊಂಡರು. ಒಬ್ಬರ ಗಂಭೀರ ಕಾಯಿಲೆಯ ನಂತರ ಯಾರ ಜೀವನಶೈಲಿ ಹೆಚ್ಚು ಬದಲಾಗುತ್ತದೆ ಎಂದು ಕೇಳಿದರೆ ನಮ್ಮ ಮನೆಗಳಲ್ಲಿ ಉತ್ತರ ಬಹುತೇಕ ಹೆಂಡತಿ, ಸೊಸೆ ಅಥವಾ ಮಗಳು. ಮಾತ್ರೆಯ ಡಬ್ಬಿ ಅವಳ ಕೈಲಿ, ಉಪ್ಪಿನ ಅಳತೆ ಅವಳ ತಲೆಮೇಲೆ. ಕಾಯಿಲೆ ಅವಳಿಗೇ ಬಂದರೆ? ಹೊಲಿಗೆ ಬಿಚ್ಚಿ ವಾರವಾಗುವುದರೊಳಗೆ ‘ಒಂದು ಅನ್ನ-ಸಾರು ಮಾಡಿದರೆ ಸಾಕು’ ಎಂಬ ರಿಯಾಯಿತಿಯೊಂದಿಗೆ ಒಲೆಯ ಮುಂದೆ ಹಾಜರು.

ಹೀಗೆ ನೋಡುತ್ತಾ ಹೋದರೆ ಆದ್ಯತೆ ಬದಲಿಸುವುದು ಆಯ್ಕೆ ಇರುವವರ ಭಾಗ್ಯ ಎಂದು ಅನಿಸದೆ ಇರದು. ತಿಂಗಳಿಗೆ ₹21,000ದೊಳಗೆ ಸಂಬಳವಿದ್ದು ಇಎಸ್‌ಐ ಕಾರ್ಡಿರುವ ಗಾರ್ಮೆಂಟ್ಸ್ ಕೆಲಸಗಾರ್ತಿಗೆ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70 ಸಿಗುತ್ತದೆ. ಕ್ಯಾನ್ಸರ್, ಕ್ಷಯ, ಪಾರ್ಶ್ವವಾಯುವಿನಂಥ 34 ದೀರ್ಘ ಕಾಯಿಲೆಗಳಿಗೆ, ಶರತ್ತುಗಳು ಹೊಂದಿದರೆ, ಎರಡು ವರ್ಷದವರೆಗೆ ಶೇ 80. ಇದು ಒಳ್ಳೆಯ ಕಾನೂನು, ಇದರ ಬಗ್ಗೆ ಗೊತ್ತಿಲ್ಲದ ಕೆಲಸಗಾರರು ಬಹಳ. ಆದರೆ ಗಾರೆ ಕೆಲಸದವನಿಗೆ, ತಳ್ಳುಗಾಡಿಯವಳಿಗೆ, ಆಟೋ ಓಡಿಸುವವನಿಗೆ, ಅಡಿಕೆ ಕೊಯ್ಲಿಗೆ ಮರ ಹತ್ತುವವನಿಗೆ ಇದು ಯಾವುದೂ ಇಲ್ಲ. ‘ಮೂರು ತಿಂಗಳು ಭಾರ ಎತ್ತಬೇಡ’ ಎಂದು ಡಾಕ್ಟರು ಹೇಳಿದ್ದನ್ನು ಅವನು ಪಾಲಿಸದಿದ್ದರೆ ಅದು ನಿರ್ಲಕ್ಷ್ಯವಲ್ಲ, ಮನೆಬಾಡಿಗೆ.

ಅಡಿಕೆ ಎಂದಾಗ ಮಲೆನಾಡಿನವರು ಒಪ್ಪದ ಒಂದು ಮಾತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಎಲೆ-ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ ಕ್ಯಾನ್ಸರಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಬಂದವನ ಮುಂದೆ, ಮದುವೆಯಿಂದ ತಿಥಿಯವರೆಗೆ, ಎಲೆ-ಅಡಿಕೆಯ ತಟ್ಟೆ ಬರುತ್ತಲೇ ಇರುತ್ತದೆ. ಹೊಗೆಸೊಪ್ಪು, ಕಡ್ಡಿಪುಡಿಯನ್ನು ಜೊತೆಗೆ ಕೂತು ಹಾಕುವ ಗೆಳೆಯರೂ ಹಾಗೇ ಇರುತ್ತಾರೆ. ಚಟ ಅವನೊಬ್ಬನ ಬಾಯೊಳಗೆ ಇರುವುದಿಲ್ಲ. ಊಟದ್ದೂ ಅಷ್ಟೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೃದ್ರೋಗಿ ಒಬ್ಬನಿಗೆ ಮಾತ್ರ ಸಪ್ಪೆ ಸಾರು ಮಾಡಿ, ಪಕ್ಕದಲ್ಲೇ ಉಳಿದವರು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಯುತ್ತಾ ಕೂತರೆ ಆ ಪಥ್ಯ ಎಷ್ಟು ದಿನ ನಡೆದೀತು? ಮನೆಗೆಲ್ಲ ಒಂದೇ ಸಾರು ಎಂದು ತೀರ್ಮಾನಿಸಿದ ಮನೆಗಳಲ್ಲಿ ನಡೆಯುತ್ತದೆ.

ಮನಸ್ಸು ಕುಸಿಯುವುದನ್ನೂ ಮರೆಯುವಂತಿಲ್ಲ. ಹೃದಯಾಘಾತದ ನಂತರ ಸುಮಾರು ಐವರಲ್ಲಿ ಒಬ್ಬರಿಗೆ ತೀವ್ರ ಖಿನ್ನತೆ ಬರುತ್ತದೆ. ಅಂಥವರಲ್ಲಿ ಸಾವಿನ ಅಪಾಯವೂ ಹೆಚ್ಚು ಎಂದು ಮಾಂಟ್ರಿಯಲ್‌ನ ನ್ಯಾನ್ಸಿ ಫ್ರಾಶರ್-ಸ್ಮಿತ್ 1993ರಲ್ಲೇ ತೋರಿಸಿದ್ದರು. ವಾಕಿಂಗ್ ಬಿಟ್ಟವನನ್ನು ಸೋಮಾರಿ ಎನ್ನುವ ಮೊದಲು ಇದನ್ನು ಕೇಳಬೇಕು. ನಮ್ಮ ಡಿಸ್ಚಾರ್ಜ್ ಸಮ್ಮರಿಗಳಲ್ಲಿ ಇದಕ್ಕೊಂದು ಸಾಲಿನ ಜಾಗವೂ ಇರುವುದಿಲ್ಲ.

ಹಾಗಾದರೆ ಯಾವುದು ಕೆಲಸ ಮಾಡಿದೆ? ಡೀನ್ ಆರ್ನಿಷ್ 1990ರಲ್ಲಿ ಕಟ್ಟುನಿಟ್ಟಾದ ಸಸ್ಯಾಹಾರ, ಧ್ಯಾನ, ವ್ಯಾಯಾಮದಿಂದ ಹೃದಯದ ಬ್ಲಾಕ್ ಹಿಮ್ಮೆಟ್ಟುತ್ತದೆ ಎಂದು ತೋರಿಸಿ ಜಗತ್ತಿನ ಗಮನ ಸೆಳೆದರು. ಅವರ ಪ್ರಯೋಗದಲ್ಲಿದ್ದವರು 48 ಜನ ಮಾತ್ರ, ಸಿಕ್ಕ ಬೆಂಬಲವೂ ಎಲ್ಲರಿಗೂ ಸಿಗುವಂಥದ್ದಲ್ಲ. ನಮ್ಮ ದೇಶದ್ದೇ ಆದ ‘ಯೋಗ-ಕೇರ್’ ಪ್ರಯೋಗ ಇನ್ನೂ ದೊಡ್ಡದು. 24 ಆಸ್ಪತ್ರೆಗಳ 3,959 ಹೃದಯಾಘಾತದ ರೋಗಿಗಳು, ಮೂರು ತಿಂಗಳಲ್ಲಿ 13 ತರಗತಿ. 2020ರಲ್ಲಿ ಬಂದ ಫಲಿತಾಂಶ ಮಿಶ್ರವಾಗಿತ್ತು: ಸಾವು ಅಥವಾ ಮರುಆಘಾತ ಕಡಿಮೆಯಾಯಿತೆಂದು ಖಚಿತವಾಗಿ ಹೇಳಲಾಗಲಿಲ್ಲ, ಆದರೆ ಯೋಗ ಮಾಡಿದವರು ಮುಂಚಿನ ಕೆಲಸಗಳಿಗೆ ಚೆನ್ನಾಗಿ ಮರಳಿದರು, ಆರೋಗ್ಯ ಸುಧಾರಿಸಿದೆ ಎಂದರು. ಯೋಗದ ಭಕ್ತರಿಗೂ ಟೀಕಾಕಾರರಿಗೂ ಅರ್ಧರ್ಧ ಖುಷಿ.

ನನ್ನ ಮನಸ್ಸು ಒಲಿದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಝೇವಿಯರ್ ತಂಡ 2016ರಲ್ಲಿ ಪ್ರಕಟಿಸಿದ ‘ಸ್ಪ್ರೆಡ್’ ಎಂಬ ಪ್ರಯೋಗಕ್ಕೆ. ದೇಶದ 14 ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೆ ದಾಖಲಾದ ಸುಮಾರು 800 ಜನ. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಇನ್ನರ್ಧಕ್ಕೆ ಅದರ ಜೊತೆಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ವರ್ಷದಲ್ಲಿ ಕೆಲವು ಸಲ ಆಸ್ಪತ್ರೆಯಲ್ಲೂ ಮನೆಯಲ್ಲೂ ಭೇಟಿಯಾಗಿ ಮಾತ್ರೆ, ಊಟ, ತಂಬಾಕು, ನಡಿಗೆಯ ಬಗ್ಗೆ ವಿಚಾರಿಸಿದರು. ಡಾಕ್ಟರಲ್ಲ, ನರ್ಸೂ ಅಲ್ಲ. ವರ್ಷದ ಕೊನೆಗೆ ತಂಬಾಕು ಬಿಟ್ಟವರು ಇವರಲ್ಲಿ ಶೇ 85, ಉಳಿದವರಲ್ಲಿ ಶೇ 52. ದೈಹಿಕ ಚಟುವಟಿಕೆ ಹೆಚ್ಚಿಸಿದವರು ಶೇ 89, ಆ ಕಡೆ ಶೇ 60. ಎರಡೂ ಗುಂಪಿಗೆ ಬಂದಿದ್ದು ಅದೇ ಕಾಯಿಲೆ, ಅದೇ ಭಯ. ಒಂದು ಗುಂಪಿನ ಬಳಿಗೆ ಮಾತ್ರ ಮನುಷ್ಯರೊಬ್ಬರು ಬಂದು ‘ಹೇಗಿದ್ದೀರಿ, ಮಾತ್ರೆ ತಗೊಂಡ್ರಾ’ ಎಂದು ಕೇಳಿದ್ದರು.

ರಾಜ್ಯದಲ್ಲಿ ಇದಕ್ಕೆ ಬೇಕಾದ ದಾರಿ ಅರ್ಧ ಸಿದ್ಧವಾಗಿದೆ. 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಬಾಗಿಲಿಗೇ ಹೋಗಿ ಬಿಪಿ, ಶುಗರ್, ಕ್ಯಾನ್ಸರಿನ ತಪಾಸಣೆ ಮಾಡುತ್ತಾರೆ. ಅದರ ಕಣ್ಣು ಹೊಸ ರೋಗಿಗಳನ್ನು ಹುಡುಕುವುದರ ಮೇಲಿದೆ. ಜಯದೇವದಿಂದಲೋ ಕಿದ್ವಾಯಿಯಿಂದಲೋ ಡಿಸ್ಚಾರ್ಜ್ ಆದವರ ಹೆಸರು ಅವರವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿ, ವರ್ಷಕ್ಕೆ ನಾಲ್ಕಾರು ಭೇಟಿ ನಿಗದಿಯಾದರೆ ಸ್ಪ್ರೆಡ್ ಮಾಡಿದ್ದನ್ನು ಇಡೀ ರಾಜ್ಯ ಮಾಡಬಹುದು. ಆ ಭೇಟಿ ಮಾಡಬೇಕಾದವರು ಆಶಾ ಕಾರ್ಯಕರ್ತೆಯರು. ಬಾಣಂತಿ, ಲಸಿಕೆ, ಕ್ಷಯ, ಡೆಂಗಿ ಸಮೀಕ್ಷೆ ಎಂದು ಈಗಾಗಲೇ ಹೆಗಲ ತುಂಬ ಕೆಲಸವಿರುವವರು. ಗೌರವಧನ ಹೆಚ್ಚಿಸಿ ಎಂದು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲೇ ಧರಣಿ ಕೂತು, ತಿಂಗಳಿಗೆ ಕನಿಷ್ಠ ₹10,000 ಕೊಡುವ ಭರವಸೆ ಪಡೆದು ಎದ್ದವರು. ಈ ಹೊಸ ಭೇಟಿಗೆ ಎಷ್ಟು ಕೊಡುತ್ತೀರಿ ಎಂದು ಅವರು ಮೊದಲು ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ.